ಮಂಗನ ಕಾಯಿಲೆ ಅಲ್ಲ

ಹಲೀಮಾ ಮೀನು ಬಿಟ್ಟದ್ದು ಪಕ್ಕದ ಮನೆಯ ಕೂಸಿಗಾಗಿ.

ಬಾಳಗಡಿಯಲ್ಲಿ ರಸ್ತೆಗೆ ಮುಖ ಮಾಡಿಕೊಂಡು ರೇಣುಕಪ್ಪನ ಹಿಟ್ಟಿನ ಗಿರಣಿಯಿತ್ತು. ಗಿರಣಿಯ ಬೆನ್ನಿಗೇ ಅವನ ಮನೆ. ಆ ಮನೆಯ ಹಿತ್ತಿಲಿಗೂ ಹಲೀಮಾಳ ಗಂಡ ಜಮಾಲನ ಹಿತ್ತಿಲಿಗೂ ನಡುವೆ ದಾಸವಾಳದ ಬೇಲಿ. ಬೇಲಿಯಲ್ಲಿ ಒಬ್ಬರು ಮೈ ಓರೆ ಮಾಡಿ ನುಸುಳುವಷ್ಟು ಸಂದು. ಜಮಾಲ್ ಬಸರೀಕಟ್ಟೆ ಕಡೆಯ ಒಂದು ಎಸ್ಟೇಟಿನ ಜೀಪು ಓಡಿಸುತ್ತಿದ್ದ. ರೇಣುಕಪ್ಪ ಮೆಣಸಿನಕಾಯಿ, ರಾಗಿ ಎಂದು ಸಂತೆಗಳ ಮೇಲೆ ತಿರುಗುವವನು. ಹಾಗಾಗಿ ಗಿರಣಿಯನ್ನು ನಿಜಕ್ಕೂ ನಡೆಸುತ್ತಿದ್ದವಳು ಅವನ ಹೆಂಡತಿ ಗಂಗಾಂಬಿಕೆ. ತಲೆಗೆ ಬಟ್ಟೆ ಕಟ್ಟಿಕೊಂಡು, ರೆಪ್ಪೆಯ ಮೇಲೆಲ್ಲ ಹಿಟ್ಟು ಕೂರಿಸಿಕೊಂಡು, ಬೆಲ್ಟು ಜಾರಿದರೆ ತಾನೇ ಏರಿಸುತ್ತಿದ್ದಳು.

ಎಂಬತ್ತೆಂಟರ ಕೊನೆಯಲ್ಲಿ ಎರಡೂ ಮನೆಗಳಲ್ಲಿ ತೊಟ್ಟಿಲು ಕಟ್ಟಿದರು. ಮೊದಲು ಹುಟ್ಟಿದ್ದು ಗಂಗಾಂಬಿಕೆಯ ಮಗ. ತೀರಿಹೋದ ಮಾವ ಜಯದೇವಪ್ಪನ ಹೆಸರನ್ನೇ ಇಟ್ಟು ಜಯ ಎಂದು ಕರೆದರು. ಬಾಣಂತನದ ಎರಡನೇ ವಾರಕ್ಕೆ ಗಂಗಾಂಬಿಕೆಯ ಎದೆಯಲ್ಲಿ ಬಾವು ಕಟ್ಟಿತು. ಕೊಪ್ಪದಲ್ಲಿ ಕೊಯ್ಸಿದ ಮೇಲೆ ನೋವು ಹೋಯಿತು, ಹಾಲೂ ಹೋಯಿತು. ಹಸುವಿನ ಹಾಲಿಗೆ ನೀರು ಬೆರೆಸಿ ಮೂತಿಯಿರುವ ಪುಟ್ಟ ಒಳಲೆಯಲ್ಲಿ ಹುಯ್ದರೆ ಕೂಸು ಕಕ್ಕುತ್ತಿತ್ತು. ಅದರ ತೊಡೆಯ ಚರ್ಮ ಒಣಗಿದ ನೆಲ್ಲಿಕಾಯಿಯ ಹಾಗೆ ಸುಕ್ಕುಗಟ್ಟಿತು. ಗಂಗಾಂಬಿಕೆಯ ಅತ್ತೆ ಕಲ್ಲಮ್ಮ ಕೂಸನ್ನು ಮಡಿಲಲ್ಲಿಟ್ಟುಕೊಂಡು ಇಡೀ ದಿನ ಒಂದೇ ಮಾತು ಆಡುತ್ತಿದ್ದಳು: "ಕೈಯಿಂದ ಜಾರ್ತಾ ಇದೆಯಲ್ಲೇ ಇದು."

ಆ ಹೊತ್ತಿಗೆ ಹಲೀಮಾ ಮಗಳನ್ನೆತ್ತಿಕೊಂಡು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಿಂದ ವಾಪಸು ಬಂದಳು. ಅವಳು ಉಳಿದು ಬಂದದ್ದೇ ಹೆಚ್ಚು. ಹೆರಿಗೆಯಾದ ಮೇಲೆ ರಕ್ತ ನಿಂತಿರಲಿಲ್ಲ. ಜಮಾಲನ ರಕ್ತ ಹೊಂದಲಿಲ್ಲ. ಆಸ್ಪತ್ರೆಯ ಗೇಟಿನ ಹೊರಗೆ ದುಡ್ಡಿಗೆ ರಕ್ತ ಕೊಡಲೆಂದು ಮರದ ಕೆಳಗೆ ಕೂತಿರುತ್ತಿದ್ದವರಲ್ಲಿ ಒಬ್ಬ, ತೆಳ್ಳಗೆ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡವನು, ತನ್ನದು ಹೊಂದುತ್ತದೆಂದು ಎದ್ದು ಬಂದ. ಆಮೇಲೆ ಜಮಾಲ್ ಅವನಿಗೆ ಚಾ, ಬನ್ನು ಕೊಡಿಸಿದ್ದ. ಹೆಸರು ಕೇಳುವುದು ಮರೆತಿದ್ದ. ಮನೆಗೆ ಬಂದ ಮೇಲೂ ಪ್ರತಿ ಶುಕ್ರವಾರದ ನಮಾಜಿನಲ್ಲಿ ಆ ಹೆಸರಿಲ್ಲದವನಿಗಾಗಿ ಕೈಯೆತ್ತುತ್ತಿದ್ದ.

ಮಗಳಿಗೆ ಗುಲ್ಜಾರ್ ಎಂದು ಹೆಸರಿಟ್ಟರು. ಎರಡೂ ಮನೆಯಲ್ಲಿ ಅದು ಗುಲ್ಲು ಆಯಿತು. ಹಲೀಮಾಗೆ ಹಾಲು ಎಷ್ಟಿತ್ತೆಂದರೆ ಗುಲ್ಲು ಕುಡಿದು ಮಿಕ್ಕಿ ರವಿಕೆ ತೋಯುತ್ತಿತ್ತು. ಒಂದು ಬೆಳಿಗ್ಗೆ ಕಲ್ಲಮ್ಮ ಯಾರಿಗೂ ಹೇಳದೆ ಮೊಮ್ಮಗನನ್ನು ಸೆರಗಲ್ಲಿ ಸುತ್ತಿಕೊಂಡು ಬೇಲಿಯ ಸಂದಿನಲ್ಲಿ ನುಸುಳಿದಳು.

"ಹಲೀಮಾ, ಬಾಯಿಬಿಟ್ಟು ಕೇಳೋಕೆ ನಾಚಿಕೆ ಆಗ್ತದೆ ಮಾರಾಯ್ತಿ."

ಹಲೀಮಾ ಕೈ ಚಾಚಿದಳು.

ಬಾಗಿಲಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಅವಳ ಅತ್ತೆ ಮೆಹರ್ ಬಾನು ನಕ್ಕಳು. "ಕಲ್ಲಮ್ಮ, ಕುಡಿಸಿ, ಬೇಡ ಅನ್ನಲ್ಲ. ಆದ್ರೆ ನಮ್ಮಲ್ಲಿ ಒಂದು ಎದೆ ಹಾಲು ಕುಡಿದವರು ಒಡಹುಟ್ಟಿದ ಹಂಗೆ. ನಾಳೆ ನಿಮ್ಮ ಮೊಮ್ಮಗನಿಗೆ ನಮ್ಮ ಗುಲ್ಲೂನ ಕೇಳಂಗಿಲ್ಲ."

"ಯಾರು ಕೇಳ್ತಿದ್ರು ಬಿಡೇ! ಹುಟ್ಟಿ ಇನ್ನೂ ಕಣ್ಣು ಸರಿ ಬಿಟ್ಟಿಲ್ಲ, ಮದುವೆ ಮಾಡಿಸ್ತಾಳೆ."

ಜಯ ಬಾಯಿ ಹಚ್ಚಿದ್ದು ಬಿಡಲಿಲ್ಲ. ಅವನ ಗಂಟಲು ಗುಟುಕು ಗುಟುಕಾಗಿ ಏರಿಳಿಯುವುದನ್ನು ನೋಡುತ್ತ ಕಲ್ಲಮ್ಮ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡಳು. ಆದರೆ ಹೊಟ್ಟೆ ತಣ್ಣಗಾದ ಮೇಲೆ ಅವಳಿಗೆ ಬೇರೆ ಯೋಚನೆ ಹತ್ತಿತು. ಲಿಂಗ ಕಟ್ಟಿಸಿಕೊಂಡ ಕೂಸು. ಮೀನು ಮಾಂಸದ ಮೈಯಿಂದ ಬಂದ ಹಾಲು. ಇದನ್ನು ಹೇಳಲಾರದೆ ನಾಕು ಮಾತು ಸುತ್ತಿ ಬಳಸುವಷ್ಟರಲ್ಲಿ ಹಲೀಮಾಳೇ ಅಂದಳು: "ಅಮ್ಮ, ಜಯ ಕುಡಿಯೋ ತನಕ ನಾನು ಮೀನು ಮುಟ್ಟಲ್ಲ. ಕೋಳಿನೂ ಇಲ್ಲ. ಸಾಕಾ?"

ಅಂದಿನಿಂದ ಬೇಲಿಯ ಸಂದಿನಲ್ಲಿ ತಟ್ಟೆಗಳು ಓಡಾಡತೊಡಗಿದವು. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ ಸಾರು, ಮೆಂತ್ಯದ ಉಂಡೆ. ಜಮಾಲ್ ಗಿರಣಿಯ ಬಾಗಿಲಲ್ಲಿ ನಿಂತು ರೇಣುಕಪ್ಪನನ್ನು ಗೋಳು ಹುಯ್ಯುತ್ತಿದ್ದ. "ಎಂತ ರೇಣುಕಣ್ಣ, ನನ್ನ ಹೆಂಡತೀನ ನಿಮ್ಮ ಮಠಕ್ಕೆ ಸೇರಿಸ್ಕೊಂಡ್ರಲ್ಲ. ಮನೇಲಿ ಬಂಗಡೆ ವಾಸನೆ ನೋಡಿ ಎಷ್ಟು ದಿನ ಆಯ್ತು!"

"ನೀನೂ ಬಾ ಮಾರಾಯ. ವಿಭೂತಿ ನಾನೇ ಕೊಡ್ತೀನಿ."

ಜಯನ ತೊಡೆಯ ಸುಕ್ಕು ಬಿಡಿಸಿಕೊಂಡಿತು. ಗಂಗಾಂಬಿಕೆ ಗಿರಣಿಯಲ್ಲಿ ಮತ್ತೆ ನೆಮ್ಮದಿಯಿಂದ ನಿಲ್ಲುವುದು ಸಾಧ್ಯವಾಯಿತು.

ಜನವರಿಯಲ್ಲಿ ಮಂಗಗಳು ಸಾಯತೊಡಗಿದವು.

ಸುದ್ದಿ ತಂದವನು ಜಮಾಲ್. ಎಸ್ಟೇಟಿನ ಮೇಲಿನ ಕಾಡಿನಲ್ಲಿ ಎರಡು, ಹಳ್ಳದ ಬದಿಗೆ ಒಂದು. ಸತ್ತ ಮಂಗದ ಮೈಯಿಂದ ಉಣುಗುಗಳು ಇಳಿದು ಹರಡುತ್ತವೆ. ಉಣುಗು ಕಚ್ಚಿದರೆ ಜ್ವರ. ಈ ಸೀಮೆಯಲ್ಲಿ ಅದನ್ನು ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಆ ತಿಂಗಳುಗಳಲ್ಲಿ ಯಾರಿಗೆ ಮೈ ಬಿಸಿಯಾದರೂ ಮನೆಯವರ ಬಾಯಲ್ಲಿ ಬರುವ ಮೊದಲ ಮಾತು ಒಂದೇ: ಮಂಗನ ಕಾಯಿಲೆ. ಜ್ವರಕ್ಕೆ ಬೇರೆ ಹೆಸರೂ ಇರಬಹುದೆಂದು ಯಾರಿಗೂ ತೋಚುತ್ತಿರಲಿಲ್ಲ.

ಹಲೀಮಾಗೆ ಜ್ವರ ಬಂದಾಗಲೂ ಹಾಗೇ ಆಯಿತು.

ಮೊದಲು ಮೈಕೈ ನೋವು, ಗಂಟಲು ನೋವು. ಆಮೇಲೆ ಸುಡುವ ಜ್ವರ. ಕುತ್ತಿಗೆಯ ಎರಡೂ ಬದಿಗೆ ಗೋಲಿಯಷ್ಟು ಗಂಟು. ಎದೆ ಬೆನ್ನಿನ ಮೇಲೆ ಕೆಂಪು ದದ್ದು. ಮೆಹರ್ ಬಾನು ಸೊಸೆಯನ್ನು ಬಿಸಿಲಿಗೆ ಕೂರಿಸಿ ಮೈಯೆಲ್ಲ ಹುಡುಕಿದಳು. ಬಲ ಮಂಡಿಯ ಹಿಂದೆ ಒಂದು ಕೆಂಪು ಚುಕ್ಕೆ ಸಿಕ್ಕಿತು. ಅದು ಸೊಳ್ಳೆಯದೋ, ಬೆವರುಸಾಲೆಯೋ. ಆದರೆ ಎಲ್ಲರೂ ಬಗ್ಗಿ ನೋಡಿ ಉಣುಗು ಎಂದರು. ಜಮಾಲ್ ಬಚ್ಚಲಮನೆಯ ಒಲೆಗೆಂದು ಜೀಪಿನಲ್ಲಿ ತರಗೆಲೆಯ ಮೂಟೆ ತಂದಿದ್ದ. ಉಣುಗು ಅದರಲ್ಲೇ ಬಂತೆಂದು ಅದನ್ನು ರಸ್ತೆಯಾಚೆ ಒಯ್ದು ಸುಟ್ಟ. ಸುಡುವಾಗ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡದ್ದನ್ನು ಗಂಗಾಂಬಿಕೆ ಗಿರಣಿಯ ಕಿಟಕಿಯಿಂದ ನೋಡಿದಳು.

ಕಲ್ಲಮ್ಮ ಒಂದು ಮುಳ್ಳಿನ ಕೊಂಬೆ ತಂದು ಬೇಲಿಯ ಸಂದಿಗೆ ಸಿಕ್ಕಿಸಿದಳು. "ಬೇಜಾರು ಮಾಡ್ಕೋಬೇಡ ತಾಯಿ," ಎಂದು ಆಚೆಗೆ ಕೂಗಿ ಹೇಳಿದಳು. "ನೀನು ಹುಷಾರಾಗು. ಕೂಸನ್ನ ನಾನು ಹೆಂಗೋ ನೋಡ್ಕಂತೀನಿ."

ಆರೋಗ್ಯ ಇಲಾಖೆಯ ಸೋಮಶೇಖರಪ್ಪ ಬಂದು ಹಲೀಮಾಳ ತೋಳಿನಿಂದ ರಕ್ತ ತೆಗೆದುಕೊಂಡ. ಅವನೇನು ದಡ್ಡನಲ್ಲ. "ಕಣ್ಣು ಅಷ್ಟು ಕೆಂಪಾಗಿಲ್ಲ. ಈ ದದ್ದು ಎಂತದೋ," ಎಂದು ಗೊಣಗಿದ. ಆದರೆ ಬ್ಯಾಗಿನಲ್ಲಿ ಅಂದು ಅಂತಹವೇ ಎಷ್ಟೋ ಸೀಸೆಗಳಿದ್ದವು. ಎಲ್ಲವೂ ಒಂದೇ ಪ್ರಶ್ನೆ ಹೊತ್ತು ಶಿವಮೊಗ್ಗದ ಬಸ್ಸು ಹತ್ತಿದವು.

ಉತ್ತರ ಬರುವ ತನಕದ ದಿನಗಳಲ್ಲಿ ಎರಡು ಸಂಗತಿ ನಡೆದವು. ಹಲೀಮಾಳ ಜ್ವರ ತಾನಾಗಿ ಇಳಿಯಿತು. ಇತ್ತ ಕಲ್ಲಮ್ಮ ಹಸುವಿನ ಹಾಲಿಗೆ ಬಾರ್ಲಿ ಗಂಜಿಯ ತಿಳಿ ಬೆರೆಸಿ, ಹಿತ್ತಾಳೆಯ ಒಳಲೆಯ ಮೂತಿಯನ್ನು ಜಯನ ತುಟಿಗಿಟ್ಟು, ತೊಟ್ಟು ತೊಟ್ಟಾಗಿ ಹುಯ್ಯುತ್ತ ಕೂತಳು. ಮೊದಲು ಕಕ್ಕಿದ. ಆಮೇಲೆ ಅರ್ಧ ಕಕ್ಕಿದ. ಕೊನೆಗೊಂದು ದಿನ ಇಡೀ ಒಳಲೆ ಕುಡಿದು, ತೇಗಿ, ಮಲಗಿದ. ಗಂಗಾಂಬಿಕೆ ಒಳಲೆಯನ್ನು ತೊಳೆದು ಬೋರಲು ಹಾಕುವಾಗ ಮೊದಲ ಬಾರಿಗೆ ಸಲೀಸಾಗಿ ಉಸಿರುಬಿಟ್ಟಳು. ಹೊಟ್ಟೆ ಈಗ ಗಟ್ಟಿಯಾಗಿದೆ. ಇನ್ನು ಯಾರ ಹಂಗೂ ಬೇಡ.

ಮರುದಿನ ಸೋಮಶೇಖರಪ್ಪ ಸೈಕಲ್ ಬೆಲ್ಲು ಬಾರಿಸುತ್ತಲೇ ಬಂದ. "ಇಲ್ಲ! ಹಲೀಮಾಗೆ ಮಂಗನ ಕಾಯಿಲೆ ಇಲ್ಲ!"

ಮೆಹರ್ ಬಾನು ಸಕ್ಕರೆ ಡಬ್ಬಿ ಹಿಡಿದುಕೊಂಡು ರಸ್ತೆಗೇ ಬಂದು ಹೋಗುವವರ ಅಂಗೈಗೆಲ್ಲ ಸಕ್ಕರೆ ಹಾಕಿದಳು. ಕಲ್ಲಮ್ಮ ತಾನೇ ಮುಳ್ಳಿನ ಕೊಂಬೆ ಕಿತ್ತೆಸೆದಳು. ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂದದ್ದನ್ನೂ ಲೆಕ್ಕಿಸಲಿಲ್ಲ.

"ಅತ್ತೆ," ಎಂದಳು ಗಂಗಾಂಬಿಕೆ, "ಈಗ ಹಸಿನ ಹಾಲು ಒಗ್ಗಿದೆಯಲ್ಲ. ಹಂಗೇ ಇರ್ಲಿ ಅಂತ."

"ಎದೆ ಹಾಲು ಸಿಗೋವಾಗ ದನದ ಹಾಲು ಯಾಕೆ? ಪಾಪ, ಆ ಹುಡುಗಿ ಎದೆ ಬಿಗಿದು ಒದ್ದಾಡ್ತಾ ಇದಾಳೆ. ಇಲ್ಲ ಅಂತ ಸರ್ಕಾರದವರೇ ಬರೆದು ಕಳಿಸಿದಾರೆ, ಇನ್ನೆಂತ ಅನುಮಾನ ನಿಂಗೆ?"

ಅನುಮಾನ ಗಂಗಾಂಬಿಕೆಗೂ ಇರಲಿಲ್ಲ. ಗಿರಣಿಯ ಮುಂದೆ ಚೀಲಗಳು ಸಾಲು ನಿಂತಿದ್ದವು. ಕಲ್ಲಮ್ಮ ಕೂಸನ್ನೆತ್ತಿಕೊಂಡು ಸಂದಿನಲ್ಲಿ ಮರೆಯಾದಳು. ಒಳಲೆ ಅಟ್ಟಕ್ಕೆ ಹೋಯಿತು.

ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಆ ಜ್ವರ ಬೇರೆಯದು. ಬಾಟಲಿಯ ರಕ್ತದ ಜೊತೆ ಒಳಗೆ ಬಂದದ್ದು ಮನೆ ಮಾಡಿಕೊಂಡಾಗ ಮೈ ತೋರುವ ಮೊದಲ ಗುರುತು. ಜ್ವರ ಇಳಿದರೆ ಅದು ಹೋಯಿತೆಂದಲ್ಲ, ನೆಲೆಯೂರಿತೆಂದು. ಅದು ಮೈಯಲ್ಲಿ ಅತಿ ದಟ್ಟವಾಗಿ ತುಂಬಿರುವುದು ಆ ಮೊದಲ ವಾರಗಳಲ್ಲೇ, ನೋಡುವವರಿಗೆ ಮನುಷ್ಯ ಗುಣವಾಗುತ್ತಿರುವಂತೆ ಕಾಣುವ ಹೊತ್ತಿನಲ್ಲೇ. ಬೇಲಿಗೆ ಮುಳ್ಳು ಇರಬೇಕಾದ ದಿನಗಳಿದ್ದರೆ, ಅವು ಸಕ್ಕರೆ ಹಂಚಿದ ಆ ದಿನಗಳು.

ಬೇಸಿಗೆ ಕಳೆಯಿತು. ಜಯ ಮಗುಚಿದ, ತೆವಳಿದ, ಬೇಲಿಯ ಸಂದಿನಲ್ಲಿ ತಾನೇ ಅಂಬೆಗಾಲಿಟ್ಟು ಹೋಗತೊಡಗಿದ. ಗುಲ್ಲು ಮಾತ್ರ ಇಟ್ಟಲ್ಲೇ ಇರುತ್ತಿದ್ದಳು. ನಾಲಗೆಯ ಮೇಲೆ ಮೊಸರು ಹೆಪ್ಪಿಟ್ಟ ಹಾಗೆ ಬೆಳ್ಳಗಿನ ಪೊರೆ, ಒರೆಸಿದರೆ ರಕ್ತ ಜಿನುಗುವುದು. ಭೇದಿ ನಿಲ್ಲದು. ಕಂಕುಳಲ್ಲಿ ಗಂಟು. ಬಾಳೆಹೊನ್ನೂರಿನಿಂದ ಯಾರೋ ಹೇಳಿದರೆಂದು ಬೇರು ಅರೆದು ಕುಡಿಸಿದರು. ದರ್ಗಾದಿಂದ ದಾರ ತಂದು ಕಟ್ಟಿದರು.

ಒಂದು ದಿನ ಮೆಹರ್ ಬಾನುವಿಗೆ ತಡೆಯಲಾಗಲಿಲ್ಲ. "ನಿಮ್ಮ ಹುಡುಗ ನೋಡಿ ಕಲ್ಲಮ್ಮ, ಬೆಣ್ಣೆ ಮುದ್ದೆ. ನಮ್ಮ ಕೂಸಿನ ಪಾಲೂ ಅವನೇ ಕುಡಿದ."

"ಬಾಯಿಗೆ ಬಂದ ಹಂಗೆ ಆಡ್ಬೇಡ. ನಾವೇನು ಕಿತ್ಕೊಂಡು ಕುಡಿಸಿದ್ವಾ?"

"ಅಯ್ಯೋ, ಹೊಟ್ಟೆ ಉರಿಗೆ ಅಂದೆ. ತಪ್ಪಾಯ್ತು."

ಹಲೀಮಾ ಒಂದು ಮಗುವನ್ನು ಇಳಿಸಿ ಇನ್ನೊಂದನ್ನು ಎತ್ತಿಕೊಂಡಳು. ಅವಳು ಮಾತ್ರ ಚೆನ್ನಾಗಿದ್ದಳು. ಕೆನ್ನೆ ತುಂಬಿತ್ತು. ಕುತ್ತಿಗೆಯ ಗಂಟು ಎಂದೋ ಕರಗಿತ್ತು.

ಮಹಾನವಮಿಯ ಹಿಂದಿನ ವಾರ ಸೋಮಶೇಖರಪ್ಪ ಗಿರಣಿಗೆ ಬಂದ. ಈ ಸಲ ಬೆಲ್ಲು ಬಾರಿಸಲಿಲ್ಲ. ಸೈಕಲನ್ನು ಗೋಡೆಗೆ ಒರಗಿಸಿ, ಗಿರಾಕಿಗಳು ಹೋಗುವ ತನಕ ಕಾದು ನಿಂತ.

"ಗಂಗಮ್ಮ, ಜಮಾಲ್ ಯಾವಾಗ ಸಿಗ್ತಾನೆ?"

"ಸಂಜೆಗೆ. ಎಂತಕ್ಕೆ?"

"ಹಲೀಮಾನ ರಕ್ತ ಇನ್ನೊಂದು ಸಲ ನೋಡಬೇಕಂತೆ. ಕೆಳಗಿನ ಆಸ್ಪತ್ರೆಯವರು ಹೇಳಿ ಕಳಿಸಿದಾರೆ."

"ಮಂಗನ ಕಾಯಿಲೆ ಇಲ್ಲ ಅಂದಿದ್ರಲ್ಲ."

"ಅದಲ್ಲ ಇದು. ಅವಳಿಗೆ ರಕ್ತ ಕೊಟ್ಟವ ಇದಾನಲ್ಲ, ಅವನ ರಕ್ತ ಈಗ ಪರೀಕ್ಷೆ ಮಾಡಿದ್ರಂತೆ. ಸರಿ ಇಲ್ಲ." ಅವನು ಬೆಲ್ಟು ತಿರುಗುತ್ತಿದ್ದ ಕಡೆ ನೋಡುತ್ತ ದನಿ ತಗ್ಗಿಸಿದ. "ಪೇಪರಲ್ಲಿ ಬರ್ತದಲ್ಲ, ಏಡ್ಸ್ ಅಂತ. ಯಾರ ಹತ್ರನೂ ಬಾಯಿ ಬಿಡ್ಬೇಡಿ. ನೀವು ಪಕ್ಕದ ಮನೆಯವರು ಅಂತ ಹೇಳಿದೆ."

ಮೆಣಸಿನಪುಡಿ ಕಟ್ಟಿಕೊಡುವ ಹಳೇ ಪೇಪರುಗಳಲ್ಲಿ ಗಂಗಾಂಬಿಕೆ ಆ ಮಾತನ್ನು ನೋಡಿದ್ದಳು. ಬೊಂಬಾಯಿಯ ಕಥೆ, ಮದ್ರಾಸಿನ ಕಥೆ, ಅಮೆರಿಕದ ಕಥೆ. ಪುಡಿ ಸುರಿದು ಮಡಚಿ ದಾರ ಸುತ್ತಿ ಗಿರಾಕಿಯ ಕೈಗೆ ಕೊಟ್ಟರೆ ಮುಗಿಯುವ ಕಥೆ. ಹಾಲಿನಿಂದಲೂ ಬರುತ್ತದಾ ಎಂದು ಅವಳು ಕೇಳಲಿಲ್ಲ. ಗಿರಣಿ ನಿಲ್ಲಿಸಿ ಹಿತ್ತಿಲಿಗೆ ಹೋದಳು. ಬೇಲಿಯಾಚೆ ಹಲೀಮಾ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ಮಡಿಲಲ್ಲಿ ಜಯ ಒಂದು ಕೈಯಿಂದ ಅವಳ ಕಿವಿಯ ಓಲೆ ಹಿಡಿದುಕೊಂಡು ಕಣ್ಣು ಮುಚ್ಚಿ ಕುಡಿಯುತ್ತಿದ್ದ.

"ಜಯನ್ನ ಕೊಡು ಹಲೀಮಾ."

"ಇನ್ನೂ ಕುಡೀತಿದಾನೆ ಗಂಗಕ್ಕ."

"ಕೊಡು ಅಂದೆ."

ಆ ದನಿ ಹಲೀಮಾ ಎಂದೂ ಕೇಳಿರಲಿಲ್ಲ. ಕೂಸನ್ನು ಬಿಡಿಸಿ ಕೊಟ್ಟಳು. ಅದು ಚೀರಿಕೊಂಡಿತು.

ಜಮಾಲ್ ಹೆಂಡತಿ ಮಗಳನ್ನು ಕರೆದುಕೊಂಡು ಘಟ್ಟ ಇಳಿದ. ಅವರು ಹಿಂತಿರುಗುವ ತನಕ ಗಂಗಾಂಬಿಕೆ ಯಾರಿಗೂ ಏನೂ ಹೇಳಲಿಲ್ಲ. ಹಲ್ಲು ಬಂದಿದೆ, ಇನ್ನು ಬಿಡಿಸಬೇಕು ಎಂದಷ್ಟೇ ಅತ್ತೆಗೆ ಹೇಳಿದಳು. ಜಯ ಬೇಲಿಯ ಕಡೆ ಕೈ ಚಾಚಿ ಅಳುತ್ತಿದ್ದ. ಅವಳು ಸಂದಿಗೆ ಅಡ್ಡವಾಗಿ ಗಿರಣಿಯ ಖಾಲಿ ಡಬ್ಬ ಇಟ್ಟಳು.

ಅವರು ಬಂದ ಮಧ್ಯಾಹ್ನ ಹಲೀಮಾ ಬೇಲಿಯ ತನಕ ನಡೆದು ಬಂದು ಆಚೆಯೇ ನಿಂತಳು. ಡಬ್ಬವನ್ನು ಸರಿಸಲಿಲ್ಲ. ಅವಳ ಹಿಂದೆ ಜಮಾಲ್ ಓಡಿಬಂದು ತೋಳು ಹಿಡಿದ.

"ಒಳಗೆ ಬಾ. ನಿಂಗೆ ಬುದ್ಧಿ ಇದೆಯಾ? ಈ ರಸ್ತೇಲಿ ನಾಳೆ ನಮ್ಮನ್ನ ಇರೋಕೆ ಬಿಡ್ತಾರಾ?"

"ಬಿಡದಿದ್ರೆ ಹೋಗೋಣ." ಅವಳು ಕೈ ಬಿಡಿಸಿಕೊಂಡಳು. "ಗಂಗಕ್ಕ, ನಂಗೆ ಇದೆಯಂತೆ. ಗುಲ್ಲೂಗೂ ಇದೆ. ಇವರಿಗಿಲ್ಲ. ಡಾಕ್ಟ್ರು ಕೇಳಿದ್ರು, ಬೇರೆ ಯಾವ ಮಗೂಗಾದ್ರೂ ಹಾಲು ಕೊಟ್ಟಿದೀಯಾ ಅಂತ. ಇವರು ಇಲ್ಲ ಅಂದ್ಬಿಟ್ರು. ನಾನು ಸುಮ್ನಿದ್ದೆ. ಬಸ್ಸಲ್ಲಿ ಬರ್ತಾ ಎದೆ ತುಂಬಿಕೊಳ್ತು. ಜಯಂದು ಕುಡಿಯೋ ಹೊತ್ತು ಅದು. ಅವನನ್ನ ತೋರಿಸಿ ಅಕ್ಕ. ತಡ ಮಾಡ್ಬೇಡಿ."

ಕಲ್ಲಮ್ಮ ತುಳಸಿಗೆ ನೀರು ಹಾಕುತ್ತಿದ್ದವಳು ಚೊಂಬು ಹಿಡಿದೇ ಬೇಲಿಯ ಬಳಿ ಬಂದಳು. ಅವಳಿಗೆ ಕಾಯಿಲೆಯ ಹೆಸರು ತಿಳಿಯಲಿಲ್ಲ. ಹಾಲು ಎಂಬುದು ತಿಳಿಯಿತು. ಹಲೀಮಾಳ ಮುಖವನ್ನೇ ನೋಡಿ ಕೇಳಿದಳು:

"ಮೀನು ತಿಂದ್ಯಾ?"

"ಇಲ್ಲಮ್ಮ."

"ನಿಜ ಹೇಳು. ಒಂದು ದಿನ ಆಸೆಯಾಗಿ ತಿಂದಿದ್ರೂ ಹೇಳು. ಬೈಯಲ್ಲ."

"ಗುಲ್ಲು ಮೇಲಾಣೆ ಅಮ್ಮ, ಮುಟ್ಟಿಲ್ಲ."

ಕಲ್ಲಮ್ಮ ಅಲ್ಲೇ ಕೂತುಬಿಟ್ಟಳು. ತಿಂದಿದ್ದರೆ ಅವಳಿಗೆ ಏನಾದರೂ ಅರ್ಥವಾಗುತ್ತಿತ್ತು.

ಗಂಗಾಂಬಿಕೆ, ರೇಣುಕಪ್ಪ ಮರುದಿನದ ಮೊದಲ ಬಸ್ಸಿಗೆ ಜಯನನ್ನು ಕರೆದುಕೊಂಡು ಹೊರಟರು. ಆಸ್ಪತ್ರೆಯಲ್ಲಿ ಅವನ ತೋಳಿನಲ್ಲಿ ನರ ಸಿಗದೆ ಎರಡು ಸಲ ಚುಚ್ಚಿದರು. ಉತ್ತರಕ್ಕಾಗಿ ಪರಿಚಯದವರ ಮನೆಯಲ್ಲಿ ಉಳಿದು, ಮತ್ತೆ ಕರೆದ ದಿನ ಹೋದಾಗ ಲೇಡಿ ಡಾಕ್ಟರು ಬಾಗಿಲು ಮುಚ್ಚಿಸಿ ಕೂರಿಸಿದರು. ಸಣ್ಣ ವಯಸ್ಸಿನವರು. ಅವರ ಕಣ್ಣಿನ ಕೆಳಗೂ ನಿದ್ದೆಗೆಟ್ಟ ಕಪ್ಪಿತ್ತು.

"ಈಗ ಇಲ್ಲ ಅಂತ ಬಂದಿದೆ," ಎಂದರು.

ರೇಣುಕಪ್ಪ ಕೈಮುಗಿದು ಎದ್ದೇಬಿಟ್ಟ. ಗಂಗಾಂಬಿಕೆ ಏಳಲಿಲ್ಲ.

"ಈಗ ಅಂದ್ರೆ?"

"ಅದು ಮೈಯೊಳಗೆ ಬಂದ ಮೇಲೂ ಸ್ವಲ್ಪ ಕಾಲ ನಮ್ಮ ಪರೀಕ್ಷೆಗೆ ಕಾಣೋದಿಲ್ಲ ಅಮ್ಮ. ನಾವು ನೋಡೋದು ಅದನ್ನಲ್ಲ, ಅದರ ಮೇಲೆ ಮೈ ಜಗಳಕ್ಕೆ ನಿಂತ ಗುರುತನ್ನ. ಜಗಳ ಶುರುವಾಗೋಕೆ ವಾರಗಳು ಬೇಕು. ಮಗು ಮೊನ್ನೆ ಮೊನ್ನೆ ತನಕ ಕುಡಿದಿದೆ ಅಂತೀರಿ. ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡಬೇಕು."

"ಇಬ್ಬರೂ ಕುಡಿದದ್ದು ಒಂದೇ ಹಾಲು. ಅವಳ ಮಗಳಿಗೆ ಬಂತು. ಇವನಿಗೆ ಬರದೆ ಇರಬಹುದಾ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಇರಬಹುದು. ಕುಡಿದ ಎಲ್ಲ ಮಕ್ಕಳಿಗೂ ಬರೋದಿಲ್ಲ. ಅದು ದಾಟೋದು ಕಷ್ಟ. ಆದರೆ ಒಂದು ದಾಟಿದ್ರೆ ಸಾಕು, ಅದರಿಂದಲೇ ಲಕ್ಷ ಆಗ್ತದೆ. ಯಾಕೆ ಒಂದು ಮಗುವಿನಲ್ಲಿ ದಾಟ್ತದೆ, ಇನ್ನೊಂದರಲ್ಲಿ ಇಲ್ಲ ಅಂತ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ." ಮತ್ತೆ ಸೇರಿಸಿದರು: "ಇದು ಯಾವ ಪುಸ್ತಕದ್ದೂ ಅಲ್ಲ, ನನ್ನ ಯೋಚನೆ ಅಷ್ಟೇ. ಅದು ತಾಯಿಯ ಮೈಯನ್ನ ಅರೆದು ಕುಡಿದಿರ್ತದೆ. ಮಗಳಲ್ಲಿ ಅರ್ಧ ಆ ತಾಯಿಯೇ ಅಲ್ವಾ? ದಾರಿ ಪರಿಚಯ ಇರಬಹುದು. ನಿಮ್ಮ ಮಗ ಬೇರೆಯವರ ರಕ್ತ. ಅವನ ಮೈ ಅದಕ್ಕೆ ಅಪರಿಚಿತ."

ಘಟ್ಟ ಹತ್ತುವ ಬಸ್ಸಿನಲ್ಲಿ ಗಂಗಾಂಬಿಕೆ ನಿದ್ದೆ ಹೋದ ಮಗನ ಮುಖ ನೋಡುತ್ತ ಕೂತಳು. ಕಣ್ಣ ಮುಂದೆ ಗಿರಣಿಯ ಜರಡಿ ಬರುತ್ತಿತ್ತು. ಎಷ್ಟು ಆಡಿಸಿದರೂ ನುಚ್ಚೆಲ್ಲ ಮೇಲೇ ನಿಲ್ಲುತ್ತದೆ. ಎಲ್ಲೋ ಒಂದು ತಂತಿ ಸಡಿಲಿದ್ದರೆ ಅದರಲ್ಲಿ ಒಂದೇ ಒಂದು ಕಾಳು ಕೆಳಗೆ ಬೀಳುತ್ತದೆ. ಮೆಹರ್ ಬಾನು ನಗುತ್ತ ಅಂದದ್ದು ನೆನಪಾಯಿತು, ಒಂದು ಎದೆ ಹಾಲು ಕುಡಿದವರು ಒಡಹುಟ್ಟಿದ ಹಂಗೆ. ಆಗದಿರಲಿ, ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಇವನು ಗುಲ್ಲುವಿಗೆ ಅಣ್ಣನೂ ಆಗದಿರಲಿ, ಏನೂ ಆಗದಿರಲಿ. ಪರಕೀಯನಾಗಿಯೇ ಇರಲಿ.

ಮನೆಯ ಬಾಗಿಲಲ್ಲಿ ಕಲ್ಲಮ್ಮ ಕಾದಿದ್ದಳು. "ಏನಂದ್ರು?"

"ಇಲ್ಲ ಅಂದ್ರು."

ಮುದುಕಿ ಅಡಿಗೆಮನೆಗೆ ಓಡಿ ಸಕ್ಕರೆ ಡಬ್ಬಿ ಇಳಿಸಿದಳು. ಗಂಗಾಂಬಿಕೆ ಹೋಗಿ ಆ ಕೈ ಹಿಡಿದುಕೊಂಡಳು. "ಬೇಡ ಅತ್ತೆ. ಹೋದ ಸಲವೂ ಇಲ್ಲ ಅಂದಿದ್ರು."

ಅಟ್ಟದಿಂದ ಒಳಲೆ ಇಳಿಯಿತು. ಅದರ ಮೂತಿಗೆ ಕಿಲುಬು ಹಿಡಿದಿತ್ತು.

ಗುಲ್ಲು ಡಿಸೆಂಬರ್ ದಾಟಲಿಲ್ಲ. ಮಣ್ಣು ಮಾಡಲು ಹೋದವರಿಗೆ ಜಮಾಲ್ ಭೇದಿ ಎಂದಷ್ಟೇ ಹೇಳಿದ. ಅದು ಸುಳ್ಳೂ ಅಲ್ಲ. ರೇಣುಕಪ್ಪ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದ. ಕಲ್ಲಮ್ಮ ಅಂದು ಅನ್ನ ಸಾರು ಮಾಡಿ ಬೇಲಿಯ ಮೇಲಿಂದ ಕೊಟ್ಟಳು. ಹಲೀಮಾ ತಟ್ಟೆ ತೊಳೆದು ವಾಪಸು ಕೊಡಲು ಬಂದಾಗ ಕಲ್ಲಮ್ಮ ಬೇರೆ ಕಡೆ ನೋಡುತ್ತ, "ನಿನ್ನ ಹತ್ರನೇ ಇರ್ಲಿ ಬಿಡು ತಾಯಿ," ಎಂದಳು. ಹಲೀಮಾ ತಟ್ಟೆಯನ್ನು ಎದೆಗೆ ಅವುಚಿಕೊಂಡು ಒಳಗೆ ಹೋದಳು.

ಮತ್ತೆ ಜನವರಿ ಬಂತು. ಎನ್.ಆರ್.ಪುರದ ಕಡೆಯ ಕಾಡಿನಲ್ಲಿ ಮಂಗಗಳು ಸತ್ತವೆಂದು ಸುದ್ದಿಯಾಯಿತು. ಮತ್ತೆ ಪರೀಕ್ಷೆಗೆ ಹೋಗಬೇಕಾದ ದಿನಕ್ಕೆ ಇನ್ನೂ ವಾರ ಉಳಿದಿರುವಾಗ, ಒಂದು ಬೆಳಿಗ್ಗೆ ಗಂಗಾಂಬಿಕೆ ಎತ್ತಿಕೊಂಡ ಕೂಸಿನ ಮೈ ಅವಳ ತೋಳಿಗೆ ಚುರ್ ಎಂದಿತು.

ಜ್ವರ. ಕುತ್ತಿಗೆಯ ಬದಿಯಲ್ಲಿ ಬೆರಳಿಗೆ ಏನೋ ಸಿಕ್ಕಿದ ಹಾಗಾಯಿತು; ಸಿಕ್ಕಿತೋ ಇಲ್ಲವೋ ಗೊತ್ತಾಗಲಿಲ್ಲ. ಮತ್ತೆ ಒತ್ತಿ ನೋಡಲು ಕೈ ಬರಲಿಲ್ಲ.

ರೇಣುಕಪ್ಪ ಸೋಮಶೇಖರಪ್ಪನನ್ನು ಕರೆಯಲು ಓಡಿದ. ಗಿರಣಿಗೆ ಬಂದಿದ್ದ ಹೆಂಗಸೊಬ್ಬಳು ಚೀಲ ಕಂಕುಳಿಗೇರಿಸಿ ಎರಡು ಹೆಜ್ಜೆ ಹಿಂದೆ ಸರಿದಳು. "ಮಂಗನ ಕಾಯಿಲೆಯೇನೇ ಗಂಗಮ್ಮ? ದೇವರೇ, ಅದೊಂದು ಆಗದೇ ಇರ್ಲಿ."

ಗಂಗಾಂಬಿಕೆ ಗಿರಣಿಯನ್ನು ತಿರುಗಲು ಬಿಟ್ಟು ಕೂಸನ್ನು ಹಿತ್ತಿಲ ಬಿಸಿಲಿಗೆ ಒಯ್ದಳು. ಅಂಗಿ ಬಿಚ್ಚಿದಳು. ಉಡಿದಾರ ಸರಿಸಿದಳು. ಕೊರಳಿನ ಲಿಂಗದ ಕರಡಿಗೆಯನ್ನು ಬೆನ್ನಿಗೆ ಹಾಕಿ ಕತ್ತಿನ ಮಡಿಕೆ ನೋಡಿದಳು, ಕಿವಿಯ ಹಿಂದೆ ನೋಡಿದಳು, ಕಂಕುಳು, ತೊಡೆಯ ಸಂದು, ಮಂಡಿಯ ಹಿಂದೆ, ಬೆರಳಿನ ನಡುವೆ. ಹಿಟ್ಟು ಮೆತ್ತಿದ ಕೈ ಹೋದಲ್ಲೆಲ್ಲ ಕೂಸಿನ ಕೆಂಡದಂಥ ಮೈಮೇಲೆ ಬಿಳಿ ಗುರುತು ಮೂಡುತ್ತಿತ್ತು. ಒಂದು ಉಣುಗು. ಸಾಸಿವೆಯಷ್ಟು ಸಣ್ಣದು. ಕಚ್ಚಿ ಬಿದ್ದು ಹೋಗಿದ್ದರೂ ಸರಿ, ಒಂದು ಚುಕ್ಕೆ. ಇಡೀ ಸೀಮೆ ಹೆದರಿ ನಡುಗುವ ಆ ಕಾಯಿಲೆಯ ಹೆಸರು ಹಿಡಿದು ಅವಳು ಒಳಗೊಳಗೇ ಬೇಡುತ್ತಿದ್ದಳು: ಅದೇ ಆಗಿರಲಿ. ನಮ್ಮಪ್ಪಾ, ಅದೇ ಆಗಿರಲಿ.

ಕಲ್ಲಮ್ಮ ಒಳಗಿನಿಂದ ಒಳಲೆ ಹಿಡಿದು ಬಂದವಳು ಸೊಸೆ ಏನು ಮಾಡುತ್ತಿದ್ದಾಳೆಂದು ನೋಡಿ ಅದನ್ನು ಕೆಳಗಿಟ್ಟಳು. ಆಮೇಲೆ ತಾನೂ ಬಗ್ಗಿ ಕೂತು, ಮಂಜಾದ ಕಣ್ಣನ್ನು ಹತ್ತಿರಕ್ಕೆ ತಂದು, ಕೂಸಿನ ಕೂದಲನ್ನು ಎಳೆ ಎಳೆಯಾಗಿ ಬಿಡಿಸತೊಡಗಿದಳು.

ಬೇಲಿಯ ಎಲೆಗಳು ಅಲುಗಿದವು. ಡಬ್ಬದಾಚೆ ಹಲೀಮಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಜಯ ಅವಳನ್ನು ನೋಡಿ, ಆ ಜ್ವರದಲ್ಲೂ, ಎರಡೂ ಕೈ ಚಾಚಿದ. ಅವಳು ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಸಿಕ್ತಾ ಗಂಗಕ್ಕ?"

ಗಂಗಾಂಬಿಕೆ ತಲೆಯೆತ್ತಲಿಲ್ಲ. ಮಗನನ್ನು ಬೋರಲು ಮಾಡಿ, ಮತ್ತೆ ಹಿಮ್ಮಡಿಯಿಂದ ಶುರುಮಾಡಿದಳು.

"ನೋಡ್ತಾ ಇದೀನಿ," ಎಂದಳು. "ಇನ್ನೂ ನೋಡ್ತಾ ಇದೀನಿ."